ಆಯಿ ಬಿಟ್ಟ ಅನ್ನ

ಕಳೆದ ಜುಲೈಯಲ್ಲಿ ನನ್ನೂರು ಬೀಡಿಗೆ ಹೊರಟಿದ್ದೆ. ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಮಳೆ ಧೋ ಎಂದು ಸುರಿಯುತ್ತಿತ್ತು. ಗೋಣಿಚೀಲದ ಒಂದು ಮೂಲೆಯನ್ನು ಒಳಗೆ ಮಡಚಿ ತಲೆಯ ಮೇಲೆ ಹಾಕಿಕೊಂಡಿದ್ದ ಹೆಂಗಸೊಬ್ಬಳು ಬಸ್ಸು ಹತ್ತಿ, ಗೋಣಿಯನ್ನು ಕೊಡವಿ, ನನ್ನ ಪಕ್ಕದಲ್ಲಿ ಕುಳಿತಳು. ತೊಯ್ದ ಗೋಣಿಯ ವಾಸನೆ ಮೂಗಿಗೆ ಬಡಿಯಿತು. ಮುಂದಿನ ಸೀಟಿನವರು ಕರವಸ್ತ್ರ ತೆಗೆದರು. ನಾನು ಮಾತ್ರ ಆ ವಾಸನೆಯನ್ನು ಎದೆತುಂಬ ಎಳೆದುಕೊಂಡೆ, ಯಾಕೆಂದರೆ ನನಗದು ನನ್ನನ್ನು ಎತ್ತಿ ಆಡಿಸಿದ ಶೇವಂತಿಯ ವಾಸನೆ.

ಈಗ ನನ್ನ ಮನೆ ಬೆಳಗಾವಿಯ ರಾಮತೀರ್ಥ ನಗರದಲ್ಲಿ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಅಮೆರಿಕದಲ್ಲಿ ಗುಲಾಮಗಿರಿಯನ್ನು ತೊಡೆದುಹಾಕಿದ ಚಳವಳಿಯ ಪಾಠ ಬಂದಾಗಲೆಲ್ಲ, ಮೇಡಂ ಅಲ್ಲಿಗೇ ಹೋಗಿ ನೋಡಿ ಬಂದವರ ಹಾಗೆ ಹೇಳುತ್ತಾರೆ ಎಂದು ಹುಡುಗಿಯರು ನಗುತ್ತಾರೆ. ನಾನು ಅಮೆರಿಕವನ್ನು ನಕ್ಷೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ಆ ಚಳವಳಿಯೇ ಒಮ್ಮೆ ಬೀಡಿಯ ನಮ್ಮ ಮನೆಗೆ ಬಂದು ಹೋಗಿತ್ತು, ಅಷ್ಟೇ.

ಅದು ಎರಡು ಸಾವಿರದ ಇಸವಿಯ ಮಳೆಗಾಲ. ನಾನು ಬೆಳಗಾವಿಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ವಾರವಿಡೀ ಹುಡುಗಿಯರ ಹಾಸ್ಟೆಲು, ಶನಿವಾರ ಮಧ್ಯಾಹ್ನ ಊರಿನ ಬಸ್ಸು, ಸೋಮವಾರ ನಸುಕಿಗೆ ವಾಪಸ್. ಹಾಸ್ಟೆಲಿನ ಹಗ್ಗದ ಮೇಲೆ ಹಾಕಿದ ಬಟ್ಟೆ ನಾಲ್ಕು ದಿನವಾದರೂ ಒಣಗುತ್ತಿರಲಿಲ್ಲ. ಹಸಿ ಬಟ್ಟೆಯನ್ನೇ ತೊಟ್ಟು, ಸೀನುತ್ತ ಕ್ಲಾಸಿಗೆ ಹೋಗುತ್ತಿದ್ದೆವು. ಅಮೆರಿಕದ ಇತಿಹಾಸದ ಪೇಪರನ್ನು ಹಿರೇಮಠ ಸರ್ ತೆಗೆದುಕೊಳ್ಳುತ್ತಿದ್ದರು. ಅವರಿಗೆ ಗೈಡುಗಳೆಂದರೆ ಉರಿಯುತ್ತಿತ್ತು.

"ಗುಲಾಮರು ಬಿಡುಗಡಿ ಆದ್ರು ಅಂದ್ರ ದೊಡ್ಡ ಯುದ್ಧ ಆತು, ದೊಡ್ಡ ಮನಷ್ಯಾ ಸಹಿ ಮಾಡಿದಾ ಅಂತ ಬರದು ಬರತೀರಿ," ಎಂದು ಬೈಯುತ್ತಿದ್ದರು. "ಅದಕ್ಕಿಂತ ಎಷ್ಟೋ ಮೊದಲ ಮನಿಮನಿಯೊಳಗ ಏನ ನಡದಿತ್ತು ಅದನ್ನ ತಿಳಕೊಳ್ರಿ. ಈ ಶನಿವಾರ ಊರಿಗೆ ಹೋಗಿ ನಿಮ್ಮ ಅಜ್ಜಿಗೆ ಹೇಳ್ರಿ. ಅಕೀಗೆ ತಿಳೀತಂದ್ರ ನಿಮಗ ತಿಳದೈತಿ."

ನನಗೆ ಅಜ್ಜಿ ಇದ್ದಳು. ನಾವು ಆಕೆಯನ್ನು ಆಯಿ ಎಂದು ಕರೆಯುತ್ತಿದ್ದೆವು. ನಮ್ಮದು ಬೀಡಿಯ ಹಳೆಯ ಜೈನ ಮನೆತನ. ಭತ್ತದ ಗದ್ದೆ, ಸ್ವಲ್ಪ ಕಬ್ಬು. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ, ಅಂಗಳದಲ್ಲಿ ಇರುವೆಯ ಸಾಲು ಕಂಡರೆ ಸುತ್ತು ಹಾಕಿ ನಡೆಯುವ ಮನೆ. ಆ ಮನೆಯ ಅಷ್ಟೂ ಕೆಲಸ ಶೇವಂತಿಯ ಮೈಮೇಲಿತ್ತು. ಖಾನಾಪುರದಾಚೆ ಅಡವಿಯಂಚಿನ ಒಂದು ವಾಡಿಯವಳು, ಮನೆಮಾತು ಮರಾಠಿ. ಅವಳ ಅಪ್ಪ ನಮ್ಮ ಗದ್ದೆಯಲ್ಲಿ ದುಡಿಯುತ್ತಿದ್ದ. ಅವನು ಸತ್ತಾಗ ಈ ಹುಡುಗಿ ನಮ್ಮಲ್ಲೇ ಉಳಿದಳು, ಉಳಿದು ದೊಡ್ಡವಳಾದಳು, ನಾನು ಹುಟ್ಟಿದ ಮೇಲೆ ನನ್ನನ್ನು ಎತ್ತಿ ಆಡಿಸಿದಳು. ಪಂಚಮಿಗೊಂದು ಸೀರೆ, ದೀಪಾವಳಿಗೊಂದು ಸೀರೆ, ಹೊಟ್ಟೆತುಂಬ ಊಟ. ಸಂಬಳ ಎಂಬ ಮಾತು ನಮ್ಮ ಮನೆಯಲ್ಲಿ ಯಾರ ತಲೆಯಲ್ಲೂ ಹೊಳೆದಿರಲಿಲ್ಲ. ಯಾರಾದರೂ ಕೇಳಿದರೆ ಅಪ್ಪನ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: "ಮನಿ ಮಗಳಿದ್ದಂಗ."

ಆ ಶನಿವಾರ ಪಡಸಾಲೆಯಲ್ಲಿ ಆಯಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದಳು. ಶೇವಂತಿ ಬಾಗಿಲ ಹತ್ತಿರ ಮೊರ ಹಿಡಿದು ಕೇರುತ್ತಿದ್ದಳು. ನಾನು ಪಾಠ ಶುರು ಮಾಡಿದೆ. ಸಮುದ್ರದಾಚೆಯಿಂದ ಜನರನ್ನು ಹಡಗಿನಲ್ಲಿ ತುಂಬಿ ತಂದು ಸಂತೆಯಲ್ಲಿ ದನ ಮಾರಿದ ಹಾಗೆ ಮಾರುತ್ತಿದ್ದರು ಎಂದಾಗ ಆಯಿ ಕೈ ನಿಲ್ಲಿಸಿದಳು. ಆ ನಾಡಿನಲ್ಲೇ ಒಂದು ಪಂಥದ ಜನ ಇದ್ದರು, ಆಯಿ. ಗಂಟೆಯಿಲ್ಲ, ಪೂಜೆಯಿಲ್ಲ, ಎಲ್ಲರೂ ಸುಮ್ಮನೆ ಕೂತು ಧ್ಯಾನ ಮಾಡುವುದು. ಅವರಲ್ಲೂ ಗುಲಾಮರನ್ನು ಇಟ್ಟುಕೊಂಡವರು ಬೇಕಾದಷ್ಟು ಮಂದಿ. ಅವರೊಳಗೊಬ್ಬ ದರ್ಜಿ ಊರೂರು ತಿರುಗಿ, ಅಂಥವರ ಮನೆಗೇ ಹೋಗಿ, ಎದುರು ಕೂತು, ದನಿ ಏರಿಸದೆ, ಇದು ತಪ್ಪು ಎಂದು ಹೇಳುತ್ತಿದ್ದ. ಅಂಥ ಮನೆಯಲ್ಲಿ ವಸತಿ ಮಾಡಿದರೆ, ತನಗೆ ಬಡಿಸಿ ಹಾಸಿಗೆ ಹಾಸಿದ ಗುಲಾಮರ ಕೈಗೆ ದುಡ್ಡು ಕೊಟ್ಟೇ ಹೊರಡುತ್ತಿದ್ದ. ಮನೆಯ ಯಜಮಾನನಿಗೆ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ಆಮೇಲೆ ಹೆಂಗಸರೂ ಮನೆಮನೆ ತಿರುಗಿ ಅರ್ಜಿಗೆ ಸಹಿ ಹಾಕಿಸಿದರು. ಕೆಲವರು ಸಕ್ಕರೆಯನ್ನೇ ಬಿಟ್ಟರು. ಗುಲಾಮರ ಬೆವರಿನ ಸಕ್ಕರೆ ನಮ್ಮ ಬಾಯಿಗೆ ಬೇಡ ಎಂದು.

ಅರ್ಜಿ, ಕಾನೂನು ಯಾವುದೂ ಆಯಿಗೆ ತಾಗಲಿಲ್ಲ. ಸಕ್ಕರೆ ತಾಗಿತು.

"ಸಕ್ರಿ ಬಿಟ್ಟಿದ್ರು? ನಿಯಮಾ ಹಿಡದು?"

"ಹೂಂ, ಆಯಿ."

"ಚಾತುರ್ಮಾಸಕ್ಕಷ್ಟನೋ, ಪೂರ್ತಿನೋ?"

"ಜೀವ ಇರೂತನಕ ಬಿಟ್ಟವ್ರೂ ಇದ್ರು."

"ಜೈನ್ರೇನ ಅವ್ರು?"

"ಅಲ್ಲ ಆಯಿ, ಕ್ರಿಸ್ತಾನ್ರು."

"ಇರ್ಲಿ ಬಿಡು. ಭವ್ಯ ಜೀವಗೋಳು," ಎಂದು ಆಯಿ ಕೈಮುಗಿದಳು. ಮೋಕ್ಷಕ್ಕೆ ಅರ್ಹವಾದ ಜೀವ ಎಂದು ಆ ಮಾತಿನ ಅರ್ಥ. ಸ್ವಂತ ಮಗನಿಗೂ ಆಯಿ ಆ ಬಿರುದು ಕೊಟ್ಟದ್ದನ್ನು ನಾನು ಕೇಳಿರಲಿಲ್ಲ. ಮಳೆಗಾಲದ ನಾಲ್ಕು ತಿಂಗಳ ಚಾತುರ್ಮಾಸದಲ್ಲಿ ಏನಾದರೊಂದನ್ನು ಬಿಡುವುದು ನಮ್ಮಲ್ಲಿ ರೂಢಿ. ಒಂದು ವರ್ಷ ತುಪ್ಪ, ಒಂದು ವರ್ಷ ಬೆಲ್ಲ. ಹಾಗಾಗಿ ಆ ದೂರದ ಜನ ಆಯಿಗೆ ಒಮ್ಮೆಲೇ ಓಣಿಯವರಾಗಿಬಿಟ್ಟರು.

ಅಷ್ಟರಲ್ಲಿ ಶೇವಂತಿ ಮೊರ ಕೆಳಗಿಟ್ಟು ಕೇಳಿದಳು: "ಅಕ್ಕಾರ, ಅವ್ರನ್ನ ಬಿಟ್ಟ ಮ್ಯಾಲೆ ಅವ್ರು ಎಲ್ಲಿ ಹೋದ್ರು?"

ಹಿರೇಮಠ ಸರ್ ಅದನ್ನಿನ್ನೂ ಹೇಳಿರಲಿಲ್ಲ.

ಸೋಮವಾರ ನಸುಕಿನಲ್ಲಿ ಶೇವಂತಿ ನನ್ನ ಚೀಲ ಹೊತ್ತುಕೊಂಡು, ಗೋಣಿ ಹಾಕಿಕೊಂಡು, ಬಸ್ಸಿನ ತನಕ ಬಂದಳು. ದಾರಿಯಲ್ಲಿ ಇದ್ದಕ್ಕಿದ್ದಂತೆ, "ನಿಮ್ಮ ಹಾಸ್ಟೆಲದಾಗ ರೊಟ್ಟಿ ಬಡ್ಯಾಕ ಹೆಣಮಗಳು ಬೇಕಾಗ್ಯಾಳ ಅಂತ ನಿಮ್ಮ ಅವ್ವಾರ ಮುಂದ ಹೇಳಾಕತ್ತಿದ್ರಿ. ಸಿಕ್ಕಳೇನ್ರಿ?" ಎಂದಳು.

"ಇಲ್ಲ. ಯಾಕ?"

"ನಾ ಬಂದ್ರ?"

"ಇಲ್ಲಿ ಏನ ಕಡಿಮಿ ಆಗೇತಿ ನಿಂಗ?" ಎಂದುಬಿಟ್ಟೆ. ಬಾಯಿಂದ ಬಂದದ್ದು ನೆಟ್ಟಗೆ ಅಪ್ಪನ ಮಾತು.

ಅವಳೇನೂ ಸಿಟ್ಟಾಗಲಿಲ್ಲ. "ಕಡಿಮಿ ಏನಿಲ್ರಿ. ಖರೇ ಹೇಳ್ತೀನಿ, ಒಂದ ಬಾಗಲಾ ಬೇಕ ನಂಗ. ನಾನ ಹಾಕೂದು, ನಾನ ತಗಿಯೂದು. ಇಲ್ಲಿ ಯಾರ ಯಾವಾಗ ಕರದ್ರೂ ಎದ್ದ ಬರಬೇಕು. ಒಂದ ದಿನಾರ ಯಾರೂ ಕರೀಬಾರದು ಅನಸ್ತೈತಿ." ಬಸ್ಸು ಬಂತು. ಚೀಲ ಕೊಡುತ್ತ, "ಅಣ್ಣಾರ ಮುಂದ ನೀವ ಹೇಳ್ರಿ," ಎಂದಳು. ಅಣ್ಣಾರು ಎಂದರೆ ನನ್ನ ಅಪ್ಪ.

ಹಾಸ್ಟೆಲಿನ ವಾರ್ಡನ್ ಮೇಡಂ ಒಂದೇ ಮಾತಿಗೆ ಹೂಂ ಅಂದರು. ತಿಂಗಳ ಪಗಾರ, ಹಿಂದಿನ ಓಣಿಯಲ್ಲಿ ಒಂದು ಕೋಣೆ. ಮುಂದಿನ ಶನಿವಾರ ನಾನು ಬೀಗುತ್ತ ಊರಿಗೆ ಹೋದೆ. ಅಪ್ಪ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡಬೇಕು. ಕೈಯೆತ್ತಿದವನಲ್ಲ, ಯಾರನ್ನೂ ಏಕವಚನದಲ್ಲಿ ಬೈದವನಲ್ಲ. ಅದರಿಂದಾಗಿಯೇ ಅವನ ಜೊತೆ ಜಗಳ ಕಷ್ಟ.

"ಹೋಗ್ಲಿ, ಯಾರ ಬ್ಯಾಡ ಅಂದ್ರು? ಆದ್ರ ಈಗ ನಾಟಿ. ನಾಟಿ ಮುಗೀಲಿ," ಎಂದ. ನಾಟಿ ಮುಗಿದ ಮೇಲೆ ಎಂದರೆ, "ಪಂಚಮಿ ಬಂತಲ್ಲ, ಪಂಚಮಿ ಆಗ್ಲಿ." ಆಮೇಲೆ ಎಂದರೆ, "ಸುಗ್ಗಿ ಒಂದ ದಾಟ್ಲಿ, ನೋಡೂಣು." ಆ ವಾರವೇ ಸರ್ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಾನೂನು ಹೇಳಿದ್ದರು. ಅಲ್ಲಿಯವರು ಗುಲಾಮಗಿರಿ ತಪ್ಪೆಂದು ಬೇರೆ ಬಹಳ ರಾಜ್ಯಗಳಿಗಿಂತ ಮೊದಲೇ ಒಪ್ಪಿದರು. ಒಪ್ಪಿ ಮಾಡಿದ್ದೇನು? ಈಗಿರುವ ಗುಲಾಮರು ಹಾಗೇ ಇರಲಿ, ಇನ್ನು ಮುಂದೆ ಹುಟ್ಟುವ ಅವರ ಮಕ್ಕಳು ಇಪ್ಪತ್ತೆಂಟು ವರ್ಷದ ತನಕ ದುಡಿದು ಆಮೇಲೆ ಬಿಡುಗಡೆಯಾಗಲಿ ಎಂದರು. ಒಳ್ಳೆಯವರ ಕಾನೂನು ಅದು.

"ಅಪ್ಪಾ, ನೀವೂ ಪೆನ್ಸಿಲ್ವೇನಿಯಾ ಮಾಡಾಕತ್ತೀರಿ," ಎಂದೆ.

"ಅದೇನದು ಪೆನ್ಸಿಲ್?" ಎಂದು ಅಪ್ಪ ನಕ್ಕ. "ನಾವೇನ ಅಕೀನ ಕೊಂಡ ತಂದೇವೇನವಾ? ಮನಿ ಮಗಳಿದ್ದಂಗ ಇದ್ದಾಳ."

ಮೂಲೆಯಿಂದ ಆಯಿ, "ಮಗಳಾಗಿದ್ರ ನಮ್ಮ ಜೋಡಿ ಹೊತ್ತ ಮುಳಗೂ ಮೊದಲ ಉಣತಿದ್ಳು," ಎಂದಳು. ಅಷ್ಟೇ ಹೇಳಿ ಜಪಮಾಲೆ ಹಿಡಿದಳು. ಅಪ್ಪನ ನಗು ಅಲ್ಲಿಗೆ ನಿಂತಿತು. ನಾವೆಲ್ಲ ಬೆಳಕಿನಲ್ಲಿ ಉಂಡು ಜೀವದಯೆಯ ಪುಣ್ಯ ಗಂಟುಕಟ್ಟಿಕೊಳ್ಳುತ್ತಿದ್ದೆವು. ನಮ್ಮ ಎಂಜಲು ತೆಗೆದು, ಪಾತ್ರೆ ಬೆಳಗಿ, ದನಗಳಿಗೆ ಹಾಕಿ ಶೇವಂತಿ ಊಟಕ್ಕೆ ಕೂರುವಾಗ ಹಿತ್ತಲಲ್ಲಿ ಕತ್ತಲೆ ತುಂಬಿರುತ್ತಿತ್ತು. ಅದನ್ನು ನಾವ್ಯಾರೂ ನೋಡಿರಲಿಲ್ಲ ಎಂದಲ್ಲ. ನೋಡಿ ನೋಡಿ ಕಣ್ಣಿಗೆ ರೂಢಿಯಾಗಿತ್ತು.

ಆಮೇಲೆ ಎರಡು ವಾರ ನನಗೆ ಊರಿಗೆ ಹೋಗಲಾಗಲಿಲ್ಲ. ಮಲಪ್ರಭೆ ತುಂಬಿ ಹರಿದು ಬಸ್ಸುಗಳು ನಿಂತಿದ್ದವು. ಮೂರನೆಯ ವಾರ ಹೋದರೆ ಮನೆಯ ಗಾಳಿಯೇ ಬದಲಾಗಿತ್ತು. ಆಯಿ ಹಿಂದಿನ ಕೋಣೆಯಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದ್ದಳು. ಕಾಕತಿಯ ತನ್ನ ತವರಿನಿಂದ ಅಕ್ಕಿ ತರಿಸಿಕೊಂಡು, ಬಾವಿಯಿಂದ ತಾನೇ ನೀರು ಸೇದಿ, ತಾನೇ ಒಂದು ಹಿಡಿ ಬೇಯಿಸಿ ಉಣ್ಣುತ್ತಿದ್ದಳು. ಹಗ್ಗ ಎಳೆದು ಅಂಗೈ ಕೆಂಪಾಗಿತ್ತು. ಚಾತುರ್ಮಾಸ ಹಿಡಿದ ದಿನ ಬಸದಿಯಲ್ಲಿ ದೇವರ ಮುಂದೆ ಅದೇನು ನಿಯಮ ಮಾಡಿದಳೋ, ಶೇವಂತಿ ಮುಟ್ಟಿದ್ದನ್ನು ತಿನ್ನುವುದಿಲ್ಲ ಎಂದಷ್ಟೇ ಎಲ್ಲರಿಗೂ ಗೊತ್ತು.

ಊರಿನವರು ಇದಕ್ಕೆ ತಮಗೆ ತಿಳಿದ ಅರ್ಥ ಹಚ್ಚಿದರು. ಬಸದಿಯ ಹೆಂಗಸರಲ್ಲಿ ಎಲ್ಲಕ್ಕೂ ಮುಂದೆ ನಿಲ್ಲುವ ಸರೋಜಾ ಕಾಕು ಅಂಗಳದಲ್ಲೇ ನನ್ನನ್ನು ಹಿಡಿದು, "ನಿಮ್ಮ ಆಯಿ ಎಂಥಾ ಮಡಿ ಹಿಡದಾಳ ನೋಡವಾ! ಕೆಲಸದಾಕಿ ಕೈಯಂದು ಒಂದ ಹನಿ ನೀರ ಸೈತ ಮುಟ್ಟೂದಿಲ್ಲ. ನಮಗೆಲ್ಲಾ ಪಾಠಾ ಆತು," ಎಂದು ಕಣ್ಣರಳಿಸಿದಳು. ಓಣಿಯ ಇನ್ನೊಂದೆರಡು ಮನೆಗಳಲ್ಲಿ ಕೆಲಸದವರನ್ನು ಅಡಿಗೆಮನೆಯಿಂದ ಹೊರಗೆ ಹಾಕಿಯೂ ಆಗಿತ್ತಂತೆ.

ಶೇವಂತಿ ದನದ ಕೊಟ್ಟಿಗೆಯಲ್ಲಿದ್ದಳು. ನನ್ನನ್ನು ನೋಡಿ ಎದ್ದಳು, ಆದರೆ ಹತ್ತಿರ ಬರಲಿಲ್ಲ.

"ನನ್ನ ಕೈ ಮೈಲಿಗಿ ಆತಂತ್ರಿ," ಎಂದಳು. "ಇಷ್ಟ ವರ್ಸ ಆಗಿರಲಿಲ್ಲ. ಹೋಗ್ತೀನಿ ಅಂದಕೂಡ್ಲೆ ಆತು."

ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ನಾನು ನೆಟ್ಟಗೆ ಆಯಿಯ ಮುಂದೆ ಹೋಗಿ ನಿಂತೆ. ಯಾಕೆ ಹೀಗೆ ಮಾಡಿದಿ, ಆಕೆ ಏನು ತಪ್ಪು ಮಾಡಿದ್ದಾಳೆ ಎಂದು ಕೂಗಿದೆ. ಆಯಿ ನನ್ನ ಮುಖವನ್ನೇ ನೋಡಿದಳು. ನಾನೇಕೆ ಕೂಗುತ್ತಿದ್ದೇನೆಂದು ಅವಳಿಗೆ ನಿಜಕ್ಕೂ ತಿಳಿಯಲಿಲ್ಲ.

"ನೀನ ಹೇಳಿದ್ಯಲ್ಲ, ಸಕ್ರಿ ಬಿಟ್ರು ಅಂತ! ನಾನೂ ಹಂಗ ಬಿಟ್ಟೀನಿ. ಅಕೀ ದುಡಿತ ಅಕೀ ಕೈ ಸೇರೂತನಕ ಅಕೀ ದುಡದದ್ದು ನಂಗ ಬ್ಯಾಡ ಅಂತ. ಈ ಮನಿ ಅಕ್ಕ್ಯಾಗ ಅಕೀ ಬೆವರೈತಿ, ಅದಕ್ಕ ಕಾಕತಿಯಿಂದ ತರಸೀನಿ."

"ಅದನ್ನ ಯಾರ ಮುಂದ ಹೇಳಿದಿ?"

"ದೇವರ ಮುಂದ ಹೇಳೀನಿ. ಮತ್ಯಾರ ಮುಂದ ಹೇಳಬೇಕಿತ್ತು?"

ನಾನು ಊರಿನವರು ಆಡುವ ಮಾತನ್ನು, ಶೇವಂತಿ ಆಡಿದ ಮಾತನ್ನು ಹೇಳಿದೆ. ಆಯಿ ಹಣೆ ಚಚ್ಚಿಕೊಂಡಳು. ಆ ದೂರದ ದೇಶದವರ ನಡುವೆ ಒಬ್ಬರು ಸಕ್ಕರೆ ಬಿಟ್ಟರೆ ಯಾತಕ್ಕೆ ಬಿಟ್ಟರೆಂದು ನೆರೆಯವರಿಗೆ ತಿಳಿಯುತ್ತಿತ್ತು. ನಮ್ಮಲ್ಲಿ ಒಬ್ಬರ ಕೈಯಡಿಗೆ ಬಿಟ್ಟರೆ ಅದಕ್ಕೆ ಒಂದೇ ಅರ್ಥ, ಅದೂ ಎಷ್ಟೋ ತಲೆಮಾರಿನಿಂದ ತಯಾರಾಗಿ ಕೂತಿರುವ ಅರ್ಥ. ನಾನು ಇಷ್ಟು ವರ್ಷ ಪಾಠ ಮಾಡಿದರೂ ಇದಕ್ಕಿಂತ ದೊಡ್ಡ ವ್ಯತ್ಯಾಸ ಎರಡು ನಾಡುಗಳ ನಡುವೆ ನನಗೆ ಸಿಕ್ಕಿಲ್ಲ.

ಮರುದಿನ ಭಾನುವಾರ. ಬೆಳಗಿನ ಪೂಜೆಯ ಹೊತ್ತಿಗೆ ಆಯಿ ಶೇವಂತಿಯ ಕೈ ಹಿಡಿದು ಬಸದಿಗೆ ನಡೆದಳು. ಶೇವಂತಿ ಬರಲೊಲ್ಲೆ ಎಂದು ಎಳೆದಾಡುತ್ತಿದ್ದಳು. ಆಯಿಯ ಹಿಡಿತ ಬಾವಿಯ ಹಗ್ಗ ಎಳೆದು ಗಟ್ಟಿಯಾಗಿತ್ತು. ಅಪ್ಪ ಆಗಲೇ ಅಲ್ಲಿದ್ದ. ಪೂಜೆ ಮುಗಿದು ಜನ ಮೆಟ್ಟಿಲಿಳಿಯುವಾಗ ಆಯಿ ಮಳೆಯಲ್ಲೇ ನಿಂತು ಬಾಯಿ ತೆರೆದಳು.

"ಕೇಳ್ರಿ ಎಲ್ಲಾರೂ. ನಾ ಮಡಿ ಹಿಡದಿಲ್ಲ. ಈಕಿ ಸಣ್ಣಾಕಿದ್ದಾಗಿಂದ ನಮ್ಮನ್ಯಾಗ ಬಿಟ್ಟಿ ದುಡದಾಳ. ನಾವು ಬಿಟ್ಟಿ ಉಂಡೇವಿ. ಇರಬೀ ಮ್ಯಾಲೆ ದಯಾ ಮಾಡೂ ಮಂದಿ ನಾವು, ಈಕಿ ಯಾವಾಗ ಉಣ್ತಾಳ ಅಂತ ಕೇಳ್ಲಿಲ್ಲ. ಈಕಿ ಕೈ ಮೈಲಿಗಿ ಅಲ್ಲ. ನಮ್ಮ ಬಾಯಿ ಮೈಲಿಗಿ. ಅದಕ್ಕ ಬಿಟ್ಟೀನಿ."

ಸರೋಜಾ ಕಾಕು ಕೊಡೆ ಬಿಚ್ಚುವುದನ್ನೂ ಮರೆತು ನಿಂತಿದ್ದಳು. ಅಪ್ಪ ಮುಖ ಕೆಂಪಾಗಿಸಿಕೊಂಡು, "ಅವ್ವಾ, ಮನಿಗೆ ನಡಿ, ನಾಟಿ ಮುಗೀಲಿ ಅಂದೀನಲ್ಲ," ಎಂದು ಮೆಲ್ಲಗೆ ಹೇಳಿದ.

ಆಗ ಮಾತಾಡಿದ್ದು ಶೇವಂತಿ. ಕೈ ಬಿಡಿಸಿಕೊಂಡು, ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಾಳೆ ಅಕ್ಕಾರ ಜೋಡಿ ಬೆಳಗಾವಿಗೆ ಹೋಗ್ತೀನ್ರಿ, ಅಣ್ಣಾರ. ನಾಟಿಗೆ ಕರೀರಿ, ಬರ್ತೀನಿ. ಉಳದ ಹೆಣಮಕ್ಕಳಿಗೆ ಏನ ಕೂಲಿ ಕೊಡ್ತೀರಿ, ನಂಗೂ ಅದನ್ನ ಕೊಡ್ರಿ."

ಹೋಗಲೇ ಎಂದು ಕೇಳಲಿಲ್ಲ. ಅದನ್ನು ಅಪ್ಪನೂ ಗಮನಿಸಿದ ಎಂದು ನನಗೆ ಇವತ್ತಿಗೂ ಖಾತ್ರಿಯಿದೆ. ಸೋಮವಾರ ನಸುಕಿನಲ್ಲಿ ಅವನು ಬಸ್ಸಿನ ಹತ್ತಿರ ಬಂದ. ನಾಟಿಯ ಮಾತು ಎತ್ತಲಿಲ್ಲ. ಶೇವಂತಿಯ ಗಂಟನ್ನು ತಾನೇ ಎತ್ತಿ ಬಸ್ಸಿನೊಳಗೆ ಇಟ್ಟು, ಬಸ್ಸು ಹೊರಡುವ ತನಕ ಮಳೆಯಲ್ಲಿ ನಿಂತಿದ್ದ. ನನ್ನ ಅಪ್ಪನ ಮೇಲೆ ನನಗೆ ಆ ದಿನ ಬಂದ ಅಕ್ಕರೆ ಆಮೇಲೆ ಎಂದೂ ಕಡಿಮೆಯಾಗಲಿಲ್ಲ.

ಬೆಳಗಾವಿಯ ಬದುಕು ಸಲೀಸಾಗಿತ್ತೆಂದು ನಾನು ಹೇಳುವುದಿಲ್ಲ. ಅಷ್ಟು ಹುಡುಗಿಯರಿಗೆ ರೊಟ್ಟಿ ಬಡಿದು ಶೇವಂತಿಯ ಭುಜ ಬಾತುಕೊಳ್ಳುತ್ತಿತ್ತು. ಮೊದಮೊದಲು ಯಾರಾದರೂ ಜೋರಾಗಿ ಮಾತಾಡಿದರೂ ತನ್ನನ್ನೇ ಕರೆದರೆಂದು ಎದ್ದು ಓಡಿ ಬರುತ್ತಿದ್ದಳು. ಕೋಣೆಯ ತಗಡು ಸೋರುತ್ತಿತ್ತು. ಒಮ್ಮೆ ನಾನು, ಊರು ನೆನಪಾಗುತ್ತದೆಯೇ ಎಂದೆ. "ಆಗ್ತೈತ್ರಿ. ಹೊಳ್ಳಿ ಹೋಗೂ ವಿಚಾರಿಲ್ಲ," ಎಂದಳು. ಗುಲಾಮರು ಬಿಡುಗಡೆಯಾದ ಮೇಲೆ ಎಲ್ಲಿ ಹೋದರೆಂದು ನಾನು ಹಿರೇಮಠ ಸರ್‌ಗೆ ಕೇಳಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಆ ಪ್ರಶ್ನಿ ಪೇಪರದಾಗ ಬರೂದಿಲ್ಲ, ಅದಕ್ಕ ಅದು ಚೊಲೋ ಪ್ರಶ್ನಿ," ಎಂದು ಒಂದಿಡೀ ಪಿರಿಯಡ್ ಅದನ್ನೇ ಹೇಳಿದ್ದರು: ಹೆಚ್ಚಿನವರಿಗೆ ಹೋಗಲು ಜಾಗವೇ ಇರಲಿಲ್ಲ, ಬಿಟ್ಟವರು ಕೈತೊಳೆದುಕೊಂಡರು ಎಂದು.

ದೀಪಾವಳಿ ಮುಗಿದು ಚಾತುರ್ಮಾಸ ಕಳೆಯಿತು. ಒಂದು ಭಾನುವಾರ ಆಯಿ ಬೆಳಗಾವಿಗೆ ಬಂದಿಳಿದಳು. ಆಕಾಶ ತೊಳೆದಿಟ್ಟ ಹಾಗಿತ್ತು. ಬೇರೆಯವರ ಮನೆಯಲ್ಲಿ ನೀರನ್ನೂ ಕುಡಿಯದ ಆಯಿ, ಶೇವಂತಿಯ ಕೈಯಿಂದಲೇ ಉಂಡು ನಿಯಮ ಮುಗಿಸುತ್ತೇನೆ ಎಂದು ಹಟ ಹಿಡಿದು ಬಂದಿದ್ದಳು. ನಾನು ಅವಳನ್ನು ಹಿಂದಿನ ಓಣಿಗೆ ಕರೆದುಕೊಂಡು ಹೋದೆ. ಶೇವಂತಿ ಚಾಪೆಯ ಮೇಲೆ ಗೋಡೆಗೊರಗಿ, ಕಾಲು ಚಾಚಿ ಕೂತಿದ್ದಳು. ಆಯಿಯನ್ನು ಕಂಡು ಎದ್ದು, ಪಾದ ಮುಟ್ಟಿ, ಕುಂದರ್ರಿ ಎಂದಳು.

"ಕುಂದ್ರೂದು ಆಮ್ಯಾಲೆ. ಪಾರಣಿ ಮಾಡಾಕ ಬಂದೀನಿ. ಒಂದ ರೊಟ್ಟಿ ಬಡದ ಹಾಕು ನಂಗ," ಎಂದಳು ಆಯಿ.

ಶೇವಂತಿ ಮತ್ತೆ ಚಾಪೆಯ ಮೇಲೆ ಕೂತಳು.

"ಆಯಿ, ಇವತ್ತ ನಂಗ ಸೂಟಿ."

ಅಷ್ಟು ದೂರದಿಂದ ಬಂದ ಮುದುಕಿ, ನಾಲ್ಕು ತಿಂಗಳು ತಾನೇ ಬೇಯಿಸಿ ಉಂಡವಳು.

"ವಾರಾ ಪೂರ್ತಿ ಬಡದೀನ್ರಿ," ಎಂದಳು ಶೇವಂತಿ. ದನಿ ಮೆತ್ತಗಿತ್ತು, ಆದರೆ ಅಲುಗುವಂತಿರಲಿಲ್ಲ. "ಐತವಾರ ಒಲಿ ಹಚ್ಚೂದಿಲ್ಲ ಅಂತ ಮಾಡೀನಿ. ನೀವು ಮಾಡೂದಿದ್ರ ಮಾಡ್ರಿ. ಹಿಟ್ಟ ಆ ಡಬ್ಬ್ಯಾಗ ಐತಿ. ನಾನೂ ಮುಂಜಾನಿಂದ ಉಂಡಿಲ್ಲ."

ಆಯಿ ಅವಳನ್ನೇ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈ ತೊಳೆದು, ಒಲೆಯ ಮುಂದೆ ಕೂತಳು. ನಾನು ಏಳಲು ಹೋದರೆ, ಬೇಡ ಎಂದು ಕಣ್ಣಲ್ಲೇ ತಡೆದಳು. ಶೇವಂತಿ ಗೋಡೆಗೊರಗಿ ಮತ್ತೆ ಕಾಲು ಚಾಚಿದಳು. ಮೊದಲ ರೊಟ್ಟಿ ಅಂಚಿನಲ್ಲಿ ಸೀಳಿತು.

"ನೀರ ಕಡಿಮಿ ಆತ್ರಿ," ಎಂದಳು ಶೇವಂತಿ ಕೂತಲ್ಲಿಂದಲೇ.

"ಹೂಂ," ಎಂದು ಆಯಿ ಹಿಟ್ಟಿಗೆ ನೀರು ಚಿಮುಕಿಸಿದಳು. ಎರಡನೆಯದು ಉಬ್ಬಿ ಬಂತು. ತಾಟಿಗೆ ಹಾಕಿ, ಚಟ್ನಿ ಹಾಕಿ, ಎರಡೂ ಕೈಯಲ್ಲಿ ಶೇವಂತಿಯ ಮುಂದಿಟ್ಟಳು.

"ಆಯಿ, ನಿನ್ನ ಪಾರಣಿ?" ಎಂದು ನಾನು ಪಿಸುಗುಟ್ಟಿದೆ.

"ಅಕೀ ಮೊದಲ ಉಣ್ಲಿ."

ಶೇವಂತಿ ಅವಸರ ಮಾಡದೆ ಉಂಡಳು. ನಾನು ಹುಟ್ಟಿದಾಗಿನಿಂದ ಅವಳು ಉಣ್ಣುವುದನ್ನು ಎದುರು ಕೂತು ನೋಡಿದ್ದು ಅದೇ ಮೊದಲು. ರೊಟ್ಟಿ ಮುಗಿಯಿತು. ಅವಳು ತಾಟನ್ನು ಆಯಿಯ ಕಡೆಗೆ ಸರಿಸಿದಳು.

"ಇನ್ನೊಂದ ಹಾಕ್ರಿ," ಎಂದಳು.

ಆಯಿ ಹಾಕಿದಳು.